ಎರಡನೇ ಪೈಪು

ಮಾರ್ಚ್ ೪

ಚೂಟಿ,

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ಗಾಬರಿ ಬೀಳಬೇಡ, ಇನ್ನೂ ಬದುಕಿದ್ದೇನೆ. ಆರು ವರ್ಷದ ಮೇಲೆ ಬರೆಯುತ್ತಿದ್ದೇನೆ ಎಂಬುದು ನನಗೂ ಗೊತ್ತು. ಫೋನ್ ಮಾಡೋಣವೆಂದರೆ ನನ್ನ ಕಿವಿಯೊಳಗೆ ಈಗ ಮಾತಿನ ಒಂದು ಹನಿಯೂ ಇಳಿಯುವುದಿಲ್ಲ. ಮೂವತ್ತೈದು ವರ್ಷ ಕಬ್ಬಿಣದ ಪೈಪು ಬಡಿದದ್ದಕ್ಕೆ ಸಿಕ್ಕ ಬಹುಮಾನ. ನಿನ್ನ ಸೋದರತ್ತೆ ಊಟಕ್ಕೆ ಕೂಗಿದರೆ ಬೀದಿಯವರೆಲ್ಲ ಬರುತ್ತಾರೆ, ನಾನೊಬ್ಬ ಬರುವುದಿಲ್ಲ. ಈಗ ಅವಳು ಸೊಂಟಕ್ಕೆ ಒಂದು ಸ್ಲೇಟು ಕಟ್ಟಿಕೊಂಡು ಓಡಾಡುತ್ತಾಳೆ. ಬೈಗುಳವನ್ನೂ ಬರೆದೇ ತೋರಿಸುತ್ತಾಳೆ.

ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ಒಂದು ಬೆಳಿಗ್ಗೆ ಕಾಫಿ ಲೋಟ ಕೊಟ್ಟವಳು ಹಾಗೇ ನಿಂತುಬಿಟ್ಟಳು. "ಅಣ್ಣಾ, ಕಣ್ಣಿಗೇನು ಅರಿಶಿನ ಬಳ್ಕೊಂಡಿದ್ದೀಯಾ?" ಎಂದು ಬರೆದು, ಕನ್ನಡಿ ತಂದು ಹಿಡಿದಳು. ಆಮೇಲೆ ಮೈಯೆಲ್ಲ ಕಡಿತ. ಮರದ ಅಳತೆಪಟ್ಟಿ ಬೆನ್ನು ಕೆರೆಯುವುದಕ್ಕೇ ಮೀಸಲಾಯಿತು. ಬೆಲ್ಟಿಗೆ ಹೊಸದಾಗಿ ಎರಡು ತೂತು ಕೊರೆದೆ.

ಆಸ್ಪತ್ರೆಯಲ್ಲಿ ದೊಡ್ಡ ಬಳೆಯಂಥ ಮಷಿನ್ನಿನೊಳಗೆ ತಳ್ಳಿದರು. ಕೈಗೆ ಔಷಧಿ ಚುಚ್ಚಿದಾಗ ಮೈಯೊಳಗೆ ಗೀಸರ್ ಹಾಕಿದಂತಾಯಿತು. ಉಸಿರು ಕಟ್ಟಿ ಎಂದು ಮಷಿನ್ನೇ ಹೇಳುತ್ತದಂತೆ. ನನಗೇನು ಕೇಳಿಸುತ್ತದೆ, ಮಣ್ಣು! ಟೆಕ್ನಿಷಿಯನ್ ಹುಡುಗಿ ಗಾಜಿನ ಆಚೆ ನಿಂತು ತನ್ನ ಮೂಗು ತಾನೇ ಹಿಡಿದು ತೋರಿಸಿದಳು. ಆ ಮಷಿನ್ನು ತೆಗೆದ ಪಿಕ್ಚರ್ ಓದುವ ಡಾಕ್ಟರು ಅಲ್ಲಿಲ್ಲ. ಅದು ಬೇರೆ ಊರಿಗೆ ಹೋಗಿ, ಓದಿಸಿಕೊಂಡು, ವರದಿಯಾಗಿ ವಾಪಸ್ ಬರುತ್ತದೆ. ಬಂದದ್ದು ಇದು, ಇದ್ದ ಹಾಗೆ ಇಳಿಸಿದ್ದೇನೆ:

"ಮೇದೋಜೀರಕ ಗ್ರಂಥಿಯ ತಲೆಭಾಗದಲ್ಲಿ ಮೂರೂವರೆ ಸೆಂಟಿಮೀಟರಿನ ಗಡ್ಡೆ. ಪಿತ್ತನಾಳ ಅಲ್ಲಿ ಕಿರಿದಾಗಿದೆ, ಅದರ ಹಿಂದೆ ಉಬ್ಬಿದೆ. ಇದು ಕ್ಯಾನ್ಸರ್. ಬೇರೇನನ್ನೂ ಹುಡುಕಬೇಕಾದ ಅಗತ್ಯ ಕಾಣುವುದಿಲ್ಲ."

ಕೆಳಗೆ ಯಾರದೋ ಹೆಸರಿದೆ. ಕಾಗದ ಮಡಚಿ ಮಡಚಿ ಅಳಿಸಿಹೋಗಿದೆ.

ಇಪ್ಪತ್ತೆಂಟನೇ ತಾರೀಕು ಆಪರೇಷನ್. ಗ್ರಂಥಿಯ ತಲೆ, ಕರುಳಿನ ಒಂದು ತುಂಡು, ಪಿತ್ತಕೋಶ ಎಲ್ಲ ತೆಗೆದು ಮತ್ತೆ ಜೋಡಿಸುತ್ತಾರಂತೆ. "ಎಷ್ಟು ಜಾಯಿಂಟು ಬರುತ್ತೆ ಡಾಕ್ಟ್ರೇ?" ಎಂದೆ. ಮೂರು ಬೆರಳು ತೋರಿಸಿದರು. "ಮೂರರಲ್ಲಿ ಒಂದು ಸೋರೋದು ಗ್ಯಾರಂಟಿ" ಎಂದೆ. ಅವರು ನಗಲಿಲ್ಲ. ಅತ್ತೆ ಅತ್ತಳು.

ನೀನೂ ಇಂಥ ಪಿಕ್ಚರ್ ಓದುವ ಡಾಕ್ಟರೇ, ನಿನಗೆ ಆ ಮಷಿನ್ನಿನ ಭಾಷೆ ಗೊತ್ತು, ಅದಕ್ಕೇ ಕೇಳುತ್ತಿದ್ದೇನೆ. ಅಲ್ಲಿನ ನರ್ಸಮ್ಮ ನನಗೊಂದು ಚಿತ್ರ ಬರೆದುಕೊಟ್ಟಳು. ಅದರಲ್ಲಿ ಎರಡು ಪೈಪುಗಳಿವೆ. ಒಂದು ಲಿವರ್‌ನಿಂದ ಇಳಿಯುತ್ತದೆ, ಇನ್ನೊಂದು ಆ ಗ್ರಂಥಿಯ ಉದ್ದಕ್ಕೂ ಬರುತ್ತದೆ. ಎರಡೂ ಒಂದೇ ಬಾಯಿಗೆ ಸೇರುತ್ತವೆ. ವರದಿಯಲ್ಲಿ ಮೊದಲನೆಯದರ ಮಾತಷ್ಟೇ ಇದೆ. ಎರಡನೇ ಪೈಪು ಏನಾಯಿತು? ಪೂರ್ತಿ ಕಟ್ಟಿದೆಯೋ, ಬರೀ ಹಿಂಡಿದೆಯೋ? ಟೀಚರಮ್ಮನ ಅಡುಗೆಮನೆ ಗೋಡೆಯ ಕಥೆ ನಿನಗೆ ನೆನಪಿರಬೇಕು. ಗೋಡೆ ಒದ್ದೆಯಿತ್ತು, ಒಳಗಿನ ಪೈಪು ಒಡೆದಿದೆ ಎಂದು ಎದೆ ತಟ್ಟಿಕೊಂಡು ಹೇಳಿ ಸುತ್ತಿಗೆ ಹಾಕಿದೆ. ಪೈಪು ಕಲ್ಲಿನ ಹಾಗಿತ್ತು. ನೀರು ಮೇಲಿನ ತಾರಸಿಯಿಂದ ಇಳಿಯುತ್ತಿತ್ತು. ಅವತ್ತಿನಿಂದ ಎಲ್ಲ ಪೈಪು ನೋಡದೆ ಸುತ್ತಿಗೆ ಮುಟ್ಟಿದವನಲ್ಲ ನಾನು.

ಬಿಡುವಾದರೆ ಉತ್ತರ ಬರಿ.

ಅಪ್ಪ


ಮಾರ್ಚ್ ೮

ಅಪ್ಪಾ,

ನಿಮ್ಮ ಕಾಗದ ಇವತ್ತು ಹನ್ನೊಂದು ಗಂಟೆಗೆ ಕೈಗೆ ಬಂತು. ಅತ್ತೆಗೆ ಆಗಲೇ ಫೋನ್ ಮಾಡಿದ್ದೇನೆ. ಆಪರೇಷನ್ನಿನ ಒಪ್ಪಿಗೆಗೆ ಸಹಿ ಹಾಕಬೇಡಿ ಎಂದು ಸ್ಲೇಟಿನಲ್ಲಿ ಬರೆದು ತೋರಿಸಿರುತ್ತಾರೆ. ಅತ್ತೆಗೆ ಹೇಳಲಾಗದ್ದು ಒಂದು ಉಳಿದಿದೆ, ಅದನ್ನು ಇಲ್ಲಿ ಬರೆಯುತ್ತೇನೆ.

ಬೇರೇನನ್ನೂ ಹುಡುಕಬೇಕಾದ ಅಗತ್ಯ ಕಾಣುವುದಿಲ್ಲ. ಆ ಸಾಲು ನನ್ನದು. ಹಾಗೆ ಬರೆಯುವವರು ಇಲ್ಲಿ ಬೇರೆ ಯಾರೂ ಇಲ್ಲ. ನಿಮ್ಮ ವರದಿ ಬರೆದವಳು ನಾನು.

ಅಯ್ಯೋ ಅಪ್ಪಾ, ನನಗೆ ಗೊತ್ತಿರಲಿಲ್ಲ. ನಿಮ್ಮಾಣೆ ಗೊತ್ತಿರಲಿಲ್ಲ. ಪರದೆಯ ಎಡಮೂಲೆಯಲ್ಲಿ ರೋಗಿಯ ಹೆಸರು, ವಯಸ್ಸು ಬರುತ್ತವೆ. ನಾನು ಅಲ್ಲಿಗೆ ಕಪ್ಪು ಟೇಪು ಅಂಟಿಸಿದ್ದೇನೆ. ಇಲ್ಲಿ ಎಲ್ಲರೂ ನಗುತ್ತಾರೆ. ಯಾರ ಹೊಟ್ಟೆ ಎಂದು ಗೊತ್ತಾದರೆ ಕಣ್ಣು ಅವರ ಪರವಾಗಿ ನೋಡಲು ಶುರು ಮಾಡುತ್ತದೆ ಎಂಬುದನ್ನು ನಾನು ಅಮ್ಮನಿಂದ ಕಲಿತೆ. ಅವಳ ಪಿಕ್ಚರ್ ನೋಡಿ "ಬರೀ ಊತ ಕಣಮ್ಮಾ, ಔಷಧಿಗೆ ಇಳಿಯುತ್ತೆ" ಎಂದವಳು ನಾನು. ಇಳಿಯಲಿಲ್ಲ. ಕ್ಯಾನ್ಸರ್ ಎಂದು ತಿಳಿಯುವ ಹೊತ್ತಿಗೆ ನಾಲ್ಕು ತಿಂಗಳಾಗಿತ್ತು. ಅವಳನ್ನು ಮಣ್ಣು ಮಾಡಿ ಬಂದ ದಿನ ನೀವು ಹೊಸಿಲಲ್ಲಿ ನಿಂತು, "ನಿನ್ನ ಕಣ್ಣೇ ಅವಳನ್ನ ತಿಂತು. ಈ ಬಾಗಿಲಿಗೆ ಇನ್ನು ಬರಬೇಡ" ಎಂದಿರಿ. ಬರಲಿಲ್ಲ.

ಇವತ್ತು ಟೇಪು ಕಿತ್ತೆ. ನಿಮ್ಮ ಹೆಸರಿತ್ತು. ವಯಸ್ಸು ಎರಡು ವರ್ಷ ಕಮ್ಮಿ ಹೇಳಿದ್ದೀರಿ. ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದು ಕೂತೆ. ಮೊದಲು ನೋಡಿದ್ದು ನಿಮ್ಮ ಎರಡನೇ ಪೈಪು.

ಕಟ್ಟಿಲ್ಲ ಅಪ್ಪಾ. ಕ್ಯಾನ್ಸರ್ ಆಗಿದ್ದರೆ ಸಾಮಾನ್ಯವಾಗಿ ಅದು ಗಡ್ಡೆಯ ಹತ್ತಿರ ಬಂದು ಕತ್ತರಿಸಿದಂತೆ ನಿಲ್ಲುತ್ತದೆ, ಹಿಂದಿನ ಭಾಗ ಉಬ್ಬಿಕೊಳ್ಳುತ್ತದೆ, ಗ್ರಂಥಿಯ ಉಳಿದದ್ದು ಒಣಗುತ್ತಾ ಬರುತ್ತದೆ. ನಿಮ್ಮದು ದಾರದಷ್ಟು ಸಣ್ಣದಾಗಿ ಗಡ್ಡೆಯ ನಡುವಿನಿಂದಲೇ ಹಾದುಹೋಗಿದೆ. ಹಿಂಡಿದೆ, ಅಷ್ಟೇ. ಆಮೇಲೆ ಒಂದೊಂದೇ ಕಾಣತೊಡಗಿತು. ಗ್ರಂಥಿ ತಲೆಯಿಂದ ಬಾಲದವರೆಗೂ ದಪ್ಪಗಾಗಿದೆ, ಸುತ್ತ ತೆಳ್ಳಗೆ ಒಂದು ಅಂಚಿದೆ. ತಡವಾಗಿ ತೆಗೆದ ಚಿತ್ರಗಳಲ್ಲಿ ಗಡ್ಡೆ ಕೈಗೆ ಚುಚ್ಚಿದ ಔಷಧಿಯನ್ನು ನಿಧಾನಕ್ಕೆ ಹೀರಿಕೊಂಡು ಬೆಳ್ಳಗಾಗುತ್ತದೆ. ಮೂತ್ರಪಿಂಡಗಳಲ್ಲೂ ಮಸುಕು ಮಚ್ಚೆಗಳಿವೆ. ದೇಹ ತನ್ನ ಮೇಲೆ ತಾನೇ ತಿರುಗಿಬಿದ್ದಾಗ ಬರುವ ಒಂದು ಬಗೆಯ ಊತ ಹೀಗೆ ಕಾಣುತ್ತದೆ. ಅದು ಮಾತ್ರೆಗೆ ಇಳಿಯುತ್ತದೆ, ಕೊಯ್ಯಬೇಕಾಗಿಲ್ಲ.

ಇವೆಲ್ಲ ಅವತ್ತೂ ಪರದೆಯ ಮೇಲಿದ್ದವು. ಗಡ್ಡೆ ಕಂಡಿತು, ಕಣ್ಣು ಅಲ್ಲೇ ನಿಂತಿತು, ಮುಂದೆ ನೋಡಲಿಲ್ಲ. ಅಮ್ಮ ಹೋದ ಮೇಲೆ ಯಾರ ಗಡ್ಡೆಯನ್ನೂ ಊತ ಎನ್ನಲು ನನಗೆ ಭಯ.

ಆದರೂ "ಬರೀ ಊತ" ಎಂದು ನಾನು ಬರೆಯಲಾರೆ. ಆ ಮಾತು ಒಮ್ಮೆ ಹೇಳಿ ಸಾಕಾಗಿದೆ. ಪಿಕ್ಚರ್ ಒಂದನ್ನೇ ನಂಬಿ ತೀರ್ಮಾನ ಮಾಡುವಂತೆಯೂ ಇಲ್ಲ. ರಕ್ತ ನೋಡಬೇಕು, ಸೂಜಿ ಹಾಕಿ ಚೂರು ತೆಗೆದು ನೋಡಬೇಕು. ಸರ್ಜನ್‌ಗೆ ಫೋನ್ ಮಾಡಿ ಹೇಳಿದ್ದೇನೆ, ತಿದ್ದಿದ ವರದಿಯನ್ನೂ ಕಳಿಸಿದ್ದೇನೆ. ಬಟ್ಟೆ ಚೀಲಕ್ಕೆ ತುಂಬಿಕೊಂಡು ಬಸ್ ನಿಲ್ದಾಣದವರೆಗೆ ಹೋಗಿ ವಾಪಸ್ ಬಂದೆ. ನೀವು ಬಾ ಎಂದಿಲ್ಲವಲ್ಲ.

ಮಗಳು


ಮಾರ್ಚ್ ೧೧

ಡಾಕ್ಟರ್ ಮೇಡಂ,

ಫೋನಿನಲ್ಲಿ ದನಿ ಏರಿಸಿದ್ದಕ್ಕೆ ಕ್ಷಮಿಸಿ. ಬರೆಯುವಾಗ ಸಮಾಧಾನವಾಗಿರಬಹುದು ಎಂದು ಬರೆಯುತ್ತಿದ್ದೇನೆ.

ಒಬ್ಬನೇ ರೋಗಿಯ ಒಂದೇ ಪಿಕ್ಚರ್ ಬಗ್ಗೆ ನಿಮ್ಮ ಎರಡು ವರದಿಗಳು ನನ್ನ ಮೇಜಿನ ಮೇಲಿವೆ. ಮೊದಲನೆಯದರಲ್ಲಿ ಸಂಶಯಕ್ಕೆ ಜಾಗವೇ ಇಲ್ಲ. ಎರಡನೆಯದರಲ್ಲಿ ಸಂಶಯ ಬಿಟ್ಟರೆ ಬೇರೇನಿಲ್ಲ. ಇವೆರಡರ ನಡುವೆ ಬದಲಾದದ್ದು ಒಂದೇ, ರೋಗಿ ನಿಮ್ಮ ತಂದೆ ಎಂದು ನಿಮಗೆ ಗೊತ್ತಾಯಿತು. ನಾನು ಯಾರ ಕಣ್ಣನ್ನು ನಂಬಲಿ? ಡಾಕ್ಟರದನ್ನೋ, ಮಗಳದನ್ನೋ? ಊತವೆಂದು ಕಾದು ಕೂತು ಅದು ಕ್ಯಾನ್ಸರ್ ಆದರೆ, ಆಪರೇಷನ್ ಮಾಡುವ ಕಾಲ ಕೈತಪ್ಪಿ ಹೋಗುತ್ತದೆ. ಇದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಪಿಕ್ಚರನ್ನು ಇನ್ನೊಬ್ಬರಿಗೆ ಕಳಿಸಿದ್ದೇನೆ, ನಿಮ್ಮ ಎರಡೂ ವರದಿಗಳನ್ನು ತೋರಿಸದೆ. ರಕ್ತಪರೀಕ್ಷೆ, ಸೂಜಿ ಪರೀಕ್ಷೆ ಇದೇ ವಾರ. ಇಪ್ಪತ್ತೆಂಟನೇ ತಾರೀಕನ್ನು ಸದ್ಯಕ್ಕೆ ಬದಲಾಯಿಸುವುದಿಲ್ಲ.

ನಿಮ್ಮ ತಂದೆ ನನ್ನ ಕೋಣೆಯ ಸಿಂಕು ಸೋರುವುದನ್ನು ಕಂಡು, ಪರೀಕ್ಷೆಗೆ ಬಂದವರು ವಾಷರ್ ಬದಲಾಯಿಸಿ ಹೋದರು. ಕೇಳದಿದ್ದರೂ ಹೇಳುತ್ತಿದ್ದೇನೆ.

ಸರ್ಜನ್


ಮಾರ್ಚ್ ೧೩

ಚೂಟಿ,

ನಿನ್ನ ಕಾಗದ ಓದಿದೆ. ಅತ್ತೆಗೆ ಓದಿ ಹೇಳಲಿಲ್ಲ.

ಆ ಸಾಲು ನಿನ್ನದು ಎಂದು ನನಗೆ ಗೊತ್ತಿತ್ತು. ವರದಿಯ ಮಡಿಕೆಯಲ್ಲಿ ಏನೂ ಅಳಿಸಿಹೋಗಿರಲಿಲ್ಲ. ಅಚ್ಚುಕಟ್ಟಾಗಿ, ದಪ್ಪ ಅಕ್ಷರದಲ್ಲಿ, ನಾನೇ ಇಟ್ಟ ಹೆಸರು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಓದಿದೆ. ಕ್ಯಾನ್ಸರ್ ಎನ್ನುವುದನ್ನು ತಡೆದುಕೊಂಡೆ ಕಣೆ. ಕೆಳಗಿನ ಹೆಸರು ನೋಡಿದಾಗ ಕಣ್ಣು ಕತ್ತಲಿಟ್ಟಿತು. ನರ್ಸಮ್ಮ ಓಡಿಬಂದು ನೀರು ಕುಡಿಸಿದಳು.

ಅಪ್ಪ


ಮಾರ್ಚ್ ೧೭

ಅಪ್ಪಾ,

ಗೊತ್ತಿತ್ತು! ಗೊತ್ತಿದ್ದೂ ಬೀದಿಯವರ ಹಾಗೆ "ಯಾರದೋ ಹೆಸರು" ಎಂದು ಬರೆದಿರಿ! ನಾನು ಆ ಕಾಗದವನ್ನು ಮೂಲೆಗೆ ಎಸೆದಿದ್ದರೆ? ಇಪ್ಪತ್ತೆಂಟಕ್ಕೆ ಹೋಗಿ ಹೊಟ್ಟೆ ಕೊಯ್ಯಿಸಿಕೊಂಡು ಬರುತ್ತಿದ್ದಿರಾ, ಮಗಳಿಗೆ ಬೇಜಾರಾಗಬಾರದು ಎಂದು? ಬೇಜಾರು! ಒಂಬತ್ತು ದಿನದಿಂದ ನನಗೆ ಅನ್ನ ಸೇರುತ್ತಿಲ್ಲ. ಪಕ್ಕದ ಕುರ್ಚಿಯ ಡಾಕ್ಟರ್ ಮಾತಾಡಿಸಿದರೆ ಬೆಚ್ಚಿಬೀಳುತ್ತೇನೆ. ನಿನ್ನೆ ಒಂದು ಮುರಿದ ಮೊಣಕೈಯ ಪಿಕ್ಚರನ್ನು ಮುಕ್ಕಾಲು ಗಂಟೆ ನೋಡಿದೆ. ಮೊಣಕೈ ಅಪ್ಪಾ! ಕಾಂಪೌಂಡರ್ ಕೂಡ ಹೇಳುತ್ತಾನೆ ಮುರಿದಿದೆ ಎಂದು.

ಯಾಕೆ ನೇರವಾಗಿ ಕೇಳಲಿಲ್ಲ? ಒಂದು ಸಲ ಬೈದಿದ್ದರೂ ಆಗುತ್ತಿತ್ತು. ನಿಮಗೆ ಬೈಯಲು ಬರುವುದಿಲ್ಲವೇ?

ಮಗಳು


ಮಾರ್ಚ್ ೨೪

ಚೂಟಿ,

ಮೊದಲು ಸುದ್ದಿ. ಸೂಜಿಗೆ ಕ್ಯಾನ್ಸರ್ ಸಿಗಲಿಲ್ಲ. "ಸೂಜಿಗೆ ಸಿಗದಿದ್ದ ಮಾತ್ರಕ್ಕೆ ಇಲ್ಲ ಅಂತಲ್ಲ" ಎಂದು ಸರ್ಜನ್ ಸ್ಲೇಟಿನ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆದರು. ರಕ್ತದಲ್ಲಿ ಏನೋ ಒಂದು ಅಂಕಿ ವಿಪರೀತ ಏರಿದೆಯಂತೆ, ಅದು ಊತದ ಕಡೆಗೆ ಕೈ ತೋರಿಸುತ್ತದೆ. ಪಿಕ್ಚರ್ ಓದಿದ ಇನ್ನೊಬ್ಬರೂ ನೀನು ಎರಡನೇ ಸಲ ಹೇಳಿದ್ದನ್ನೇ ಹೇಳಿದರು. ಇಪ್ಪತ್ತೆಂಟನೇ ತಾರೀಕು ಮುಂದಕ್ಕೆ ಹೋಯಿತು. ಎರಡು ವಾರ ಮಾತ್ರೆ, ಆಮೇಲೆ ಮತ್ತೆ ಪಿಕ್ಚರ್. ಗಡ್ಡೆ ಇಳಿದರೆ ಊತ. ಇಳಿಯದಿದ್ದರೆ ಸುತ್ತಿಗೆ. ಆ ಪಿಕ್ಚರ್ ನಿನಗೂ ಬರುತ್ತದೆ, ನಾನೇ ಹೇಳಿ ಒಪ್ಪಿಸಿದ್ದೇನೆ. ನೀನೇ ಓದಬೇಕು.

ಯಾಕೆ ನೇರವಾಗಿ ಕೇಳಲಿಲ್ಲ ಎಂದು ಕೇಳಿದೆ. ಕೇಳುವ ಮುಖ ನನಗಿರಲಿಲ್ಲ.

ಅಮ್ಮ ಹೋದ ಎರಡನೇ ವಾರ ಅವಳನ್ನು ನೋಡುತ್ತಿದ್ದ ದೊಡ್ಡ ಡಾಕ್ಟರು ನನ್ನನ್ನು ಕರೆಸಿದ್ದರು. ಆಗ ಒಂದು ಕಿವಿ ಕೇಳುತ್ತಿತ್ತು. ಅವಳ ಮೊದಲ ದಿನದ ಪಿಕ್ಚರನ್ನು ದೀಪದ ಮುಂದೆ ಹಿಡಿದು, ಲಿವರ್ ಮೇಲೆ ಬೆರಳಿಟ್ಟು, "ಯಜಮಾನ್ರೇ, ಅವತ್ತೇ ಕ್ಯಾನ್ಸರ್ ಇಲ್ಲಿಗೂ ಬಂದುಬಿಟ್ಟಿತ್ತು. ಮೊದಲನೇ ದಿನ ಗೊತ್ತಾಗಿದ್ರೂ ಆಪರೇಷನ್ ಮಾಡೋ ಹಾಗಿರಲಿಲ್ಲ. ನಿಮ್ಮ ಮಗಳು ಕೊರಗ್ತಾ ಇರ್ತಾರೆ, ಹೇಳಿಬಿಡಿ" ಎಂದರು.

ನಾನು ಹೇಳಲಿಲ್ಲ.

ನಾಳೆ ಹೇಳೋಣ ಎಂದುಕೊಂಡೆ. ಹೇಳಿದರೆ ನಿನ್ನ ಮೇಲಿನ ಕೋಪ ಕೆಳಗಿಡಬೇಕಿತ್ತು. ಅದನ್ನು ಕೆಳಗಿಟ್ಟರೆ ನಾನು ಅಳಬೇಕಾಗುತ್ತಿತ್ತು. ಹಾಗೇ ತಿಂಗಳಾಯಿತು, ವರ್ಷವಾಯಿತು, ಆಮೇಲೆ ಹೇಗೆ ಬಾಯಿ ಬಿಡಲಿ? ಅವಳ ಆ ಪಿಕ್ಚರಿನ ಫಿಲಂ ಸುಟ್ಟುಹಾಕಿದೆ ಎಂದು ನಿನ್ನ ಅತ್ತೆಯ ಕೈಲಿ ಹೇಳಿಸಿದ್ದೂ ಸುಳ್ಳು. ಅದು ನನ್ನ ಸ್ಪ್ಯಾನರ್ ಪೆಟ್ಟಿಗೆಯ ತಳದಲ್ಲಿತ್ತು. ಇದರ ಜೊತೆ ಇಟ್ಟಿದ್ದೇನೆ.

ನಾನು ನುಂಗಿಟ್ಟುಕೊಂಡ ಮಾತು ನಿನ್ನ ಕಣ್ಣಿಗೆ ಹೋಗಿ ಕೂತಿತು. ಅಲ್ಲಿಂದ ವರದಿಯಾಗಿ ನನ್ನ ಹೊಟ್ಟೆಗೇ ವಾಪಸ್ ಬಂತು. ಮಾಡಿದ್ದುಣ್ಣೋ ಮಹಾರಾಯ ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ. ಬೆಂಚಿನ ಮೇಲೆ ನನ್ನ ಕಣ್ಣು ಕತ್ತಲಿಟ್ಟದ್ದು ಅದಕ್ಕೆ. ಹೊಸ ಪಿಕ್ಚರ್ ಓದುವ ಮೊದಲು ಹಳೆಯದನ್ನು ನೋಡು. ಹೆಸರು ಮುಚ್ಚಬೇಡ.

ಅಪ್ಪ


ಏಪ್ರಿಲ್ ೧೨

ಅಪ್ಪಾ,

ನಿಮ್ಮ ಲಕೋಟೆಯನ್ನು ಎರಡು ವಾರ ಪೂರ್ತಿ ಖಾಲಿ ಮಾಡದೆ ಇಟ್ಟಿದ್ದೆ. ಕಾಗದ ಮಾತ್ರ ತೆಗೆದು ಓದಿದೆ, ಫಿಲಂ ಮುಟ್ಟಲಿಲ್ಲ. ನಿಮ್ಮ ಹೊಸ ಪಿಕ್ಚರ್ ಬಂದ ದಿನ ಬೇರೆ ದಾರಿ ಇರಲಿಲ್ಲ.

ಕಿಟಕಿಯ ಬೆಳಕಿಗೆ ಹಿಡಿದೆ. ಮೂಲೆಯಲ್ಲಿ ಅಮ್ಮನ ಹೆಸರು. ಲಿವರ್‌ನಲ್ಲಿ ನಾಲ್ಕು ಚುಕ್ಕೆಗಳು, ಸಾಸಿವೆಯಷ್ಟು. ಮೊದಲನೇ ದಿನದ್ದೇ. ನನಗೆ ಅವತ್ತು ಅವು ಕಾಣಬೇಕಿತ್ತು, ಕಾಣಲಿಲ್ಲ. ಆ ತಪ್ಪು ನನ್ನದೇ, ಯಾರೂ ಅದನ್ನು ತೊಳೆಯಲಾರರು. ಆದರೆ ಅಮ್ಮನನ್ನು ಕೊಂದವಳು ನಾನಲ್ಲ ಎಂಬುದು ನಿಮಗೆ ಗೊತ್ತಿತ್ತು. ಆರು ವರ್ಷ ಅಪ್ಪಾ! ನಾನು ಕನ್ನಡಿ ನೋಡಿ ಮುಖ ತೊಳೆದವಳಲ್ಲ. ನಿಮ್ಮ ಮೇಲೆ ನನಗೆ ಎಷ್ಟು ಕೋಪವಿದೆ ಎಂದರೆ, ಅದನ್ನು ನಿಮ್ಮೆದುರು ನಿಂತು ಕೂಗಿ ಹೇಳಬೇಕು, ಹೇಳಿದರೂ ನಿಮಗೆ ಕೇಳಿಸುವುದಿಲ್ಲ.

ಈಗ ನಿಮ್ಮದು. ಹೆಸರು ಮುಚ್ಚದೆ ಓದಿದೆ. ಮೂರೂವರೆ ಸೆಂಟಿಮೀಟರ್ ಇದ್ದದ್ದು ಈಗ ಒಂದಕ್ಕೂ ಕಮ್ಮಿ. ಗ್ರಂಥಿ ತೆಳ್ಳಗಾಗಿದೆ. ಎರಡನೇ ಪೈಪು ಈ ತುದಿಯಿಂದ ಆ ತುದಿಯವರೆಗೆ ತೆರೆದಿದೆ. ಇನ್ನೊಬ್ಬರೂ ಪ್ರತ್ಯೇಕವಾಗಿ ಓದಿ ಅದನ್ನೇ ಬರೆದಿದ್ದಾರೆ. ಊತ ಅಪ್ಪಾ, ಬರೀ ಊತ. ಬರೆದುಬಿಟ್ಟೆ ನೋಡಿ. ಮಾತ್ರೆ ಬಿಡಬೇಡಿ, ಸರ್ಜನ್ ಕರೆದಾಗಲೆಲ್ಲ ಹೋಗಿ. ಅವರು ನನಗೆ ಫೋನ್ ಮಾಡಿ, "ಮಗಳ ಕಣ್ಣೇ ಸರಿ ಇತ್ತು ಮೇಡಂ" ಎಂದರು. ನಗಲು ಹೋಗಿ ಅತ್ತುಬಿಟ್ಟೆ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಟೇಪು ಕಿತ್ತ ದಿನದಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಆ ಸಾಲನ್ನು ನಾನು ಇನ್ನು ಎಷ್ಟು ಜನರಿಗೆ ಬರೆದೆ? ಅವರ ಮನೆಗಳಲ್ಲಿ ಎರಡನೇ ಪೈಪು ಎಲ್ಲಿ ಎಂದು ಕೇಳುವ ನಲ್ಲಿ ಮೇಸ್ತ್ರಿ ಇರಲಿಲ್ಲವಲ್ಲ. ನಮ್ಮ ಮುಖ್ಯ ಡಾಕ್ಟರಿಗೆ ಎಲ್ಲ ಹೇಳಿದೆ. "ಹಳೇದನ್ನ ಯಾಕಮ್ಮಾ ಕೆದಕ್ತೀಯಾ" ಎಂದರು. ಆಮೇಲೆ ಅವರೇ ಹಳೆಯ ವರದಿಗಳನ್ನು ತೆಗೆಸಿಕೊಟ್ಟು, ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು.

ಆರು ವರ್ಷದಲ್ಲಿ, ನಿಮ್ಮದು ಬಿಟ್ಟು, ನಲವತ್ತೊಂದು. ಒಂದೊಂದನ್ನೂ ಇಬ್ಬರೂ ಮತ್ತೆ ಓದಿದೆವು. ನಲವತ್ತು ಕ್ಯಾನ್ಸರೇ. ಒಂದು ಅಲ್ಲ. ಸ್ಕೂಲ್ ಬಸ್ಸಿನ ಡ್ರೈವರ್, ಎರಡು ವರ್ಷದ ಹಿಂದಿನದು. ಪೈಪು ನಿಮ್ಮದರ ಹಾಗೆಯೇ ದಾರದಂತೆ ಹಾದುಹೋಗಿದೆ, ಸುತ್ತ ಅದೇ ಅಂಚು. ನನ್ನ ವರದಿ ನಂಬಿ ಅವರಿಗೆ ಆಪರೇಷನ್ ಮಾಡಿದ್ದಾರೆ. ತೆಗೆದ ಗಡ್ಡೆಯನ್ನು ಪರೀಕ್ಷೆ ಮಾಡಿದ ಲ್ಯಾಬಿನವರು ಕ್ಯಾನ್ಸರ್ ಅಲ್ಲ ಎಂದು ಬರೆದಿದ್ದರು. ಆ ಚೀಟಿ ನನ್ನವರೆಗೆ ಬರಲೇ ಇಲ್ಲ. ಅವರು ಬದುಕಿದ್ದಾರೆ. ಗ್ರಂಥಿ ಕತ್ತರಿಸಿದ್ದರಿಂದ ದಿನಕ್ಕೆ ಮೂರು ಸಲ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ತೆಗೆದುಕೊಳ್ಳುತ್ತಾರೆ. ಬಸ್ ಓಡಿಸುವುದನ್ನು ಬಿಟ್ಟಿದ್ದಾರೆ. ಕ್ಯಾನ್ಸರಿನಿಂದ ಪಾರಾದೆ ಎಂದು ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಾರಂತೆ.

ಅವರ ಮನೆಗೆ ಹೋಗಬೇಕು. ಮುಖ್ಯ ಡಾಕ್ಟರು ಜೊತೆಗೆ ಬರುತ್ತೇನೆ ಎಂದಿದ್ದಾರೆ, ಆದರೆ ಮಾತು ನಾನೇ ಆಡಬೇಕು. ಬಾಗಿಲು ತೆಗೆದಾಗ ಏನು ಹೇಳುತ್ತಾರೆ ಅಪ್ಪಾ ಇಂಥ ಹೊತ್ತಿನಲ್ಲಿ? ನೀವು ಟೀಚರಮ್ಮನ ಗೋಡೆ ಒಡೆದ ಮಾರನೇ ದಿನ ಅವರ ಮನೆಗೆ ಹೋಗಿ ಏನು ಹೇಳಿದಿರಿ? ಆ ಕಥೆಯನ್ನು ನೂರು ಸಲ ಹೇಳಿದ್ದೀರಿ, ಅದೊಂದನ್ನು ಮಾತ್ರ ಯಾವತ್ತೂ ಹೇಳಲಿಲ್ಲ.

ನಿಮ್ಮ ಚೂಟಿ


ಏಪ್ರಿಲ್ ೧೬

ಚೂಟಿ,

ಹೋಗಲಿಲ್ಲ. ಅದಕ್ಕೇ ಹೇಳಲಿಲ್ಲ.

ಇಟ್ಟಿಗೆ ಚೂರುಗಳನ್ನು ಅಲ್ಲೇ ಬಿಟ್ಟು ಬಂದವನು ಮತ್ತೆ ಆ ಬೀದಿ ತುಳಿಯಲಿಲ್ಲ. ಮೂವತ್ತು ವರ್ಷ ಮಾರುಕಟ್ಟೆಗೆ ಸುತ್ತಿ ಬಳಸಿ ಹೋದೆ. ನಿನ್ನ ವಿಷಯದಲ್ಲೂ ಅದನ್ನೇ ಮಾಡಿದೆ.

ನಿನ್ನ ಕಾಗದ ಓದಿದ ಮೇಲೆ ನಿನ್ನೆ ಹೋದೆ. ಟೀಚರಮ್ಮ ಇದ್ದಾರೆ, ಎಂಬತ್ತು ದಾಟಿದೆ. ನಾನು ಹೊಸಿಲಲ್ಲಿ ನಿಂತು, "ಗೋಡೆ ಒಡೆದವನು ನಾನೇ. ತಪ್ಪು ನಂದೇ" ಎಂದೆ. ಅಷ್ಟೇ ಬಂತು ಬಾಯಿಗೆ. ಅವರು ಏನೇನೋ ಹೇಳಿದರು, ಬಹಳ ಹೊತ್ತು ಹೇಳಿದರು, ನನಗೆ ಒಂದೂ ಕೇಳಿಸಲಿಲ್ಲ. ಆದರೂ ಅವರು ಮುಗಿಸುವವರೆಗೂ ನಿಂತಿದ್ದೆ. ನೀನೂ ಆ ಡ್ರೈವರ್ ಮಾತು ಮುಗಿಸುವವರೆಗೆ ನಿಲ್ಲು. ಉತ್ತರ ಕೊಡಲು ಹೋಗಬೇಡ.

ಅಲ್ಲಿಗೆ ಹೋಗುವ ಮೊದಲೋ, ಹೋಗಿ ಬಂದ ಮೇಲೋ, ಇಲ್ಲಿಗೆ ಬಾ. ಕೂಗಬೇಕು ಎಂದಿದ್ದೀಯಲ್ಲ, ಕೂಗುವಿಯಂತೆ. ಅತ್ತೆ ಸ್ಲೇಟು ಒರೆಸಿಟ್ಟಿದ್ದಾಳೆ. ಬಾಗಿಲು ತೆರೆದೇ ಇಟ್ಟಿರುತ್ತೇನೆ, ತಟ್ಟಿದರೆ ನನಗೆ ಕೇಳಿಸುವುದಿಲ್ಲ.

ಅಪ್ಪ